ಮೀನುಪೇಟೆಯ ಬಯಲಿನಲ್ಲಿ ಕುಳಿತ ತಾಯಂದಿರು



ಪ್ರೌಢಶಾಲೆಯ ಇತಿಹಾಸದ ಪಠ್ಯಪುಸ್ತಕವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. 1526 ಎಂದರೆ ಪಾಣಿಪತ್, 1565 ಎಂದರೆ ತಾಳೀಕೋಟೆ, 1757 ಎಂದರೆ ಪ್ಲಾಸಿ, 1799 ಎಂದರೆ ಶ್ರೀರಂಗಪಟ್ಟಣದ ಪತನ. ಯುದ್ಧಗಳಿಗೆ ಇಸವಿಗಳಿವೆ. ಕಾದಾಡಿದವರಿಗೆ ಹೆಸರುಗಳಿವೆ. ಯುದ್ಧಾನಂತರದ ಒಪ್ಪಂದಗಳಿಗೂ ಹೆಸರುಗಳಿವೆ. ಆದರೆ ಅವುಗಳ ಕೆಳಗೆ ಸಹಿ ಹಾಕಿದವರು ಬಹುಮಟ್ಟಿಗೆ ಯುದ್ಧ ಹೂಡಿದವರೇ ಆಗಿರುತ್ತಾರೆ. ಬೆಂಕಿ ಹಚ್ಚಿದವರೇ ಬೆಂಕಿ ಆರಿಸಿದ ಕೀರ್ತಿಗೂ ಪಾತ್ರರಾಗುವುದು ಇತಿಹಾಸದ ವಿಚಿತ್ರಗಳಲ್ಲೊಂದು.

ಈ ಪುಟಗಳಲ್ಲಿ ಹೆಣ್ಣುಮಕ್ಕಳು ಎಲ್ಲಿದ್ದಾರೆ? ನಮ್ಮ ಮಹಾಭಾರತದಲ್ಲಿ ಸ್ತ್ರೀಪರ್ವವೆಂಬ ಒಂದು ಪರ್ವವೇ ಇದೆ. ಆದರೆ ಅದು ಬರುವುದು ಯಾವಾಗ? ಹದಿನೆಂಟು ದಿನಗಳ ಯುದ್ಧ ಮುಗಿದು, ಹದಿನೆಂಟು ಅಕ್ಷೋಹಿಣಿ ಸೈನ್ಯ ಮಣ್ಣುಗೂಡಿದ ಮೇಲೆ. ಗಾಂಧಾರಿಯೂ ಆಕೆಯ ಸೊಸೆಯರೂ ಕುರುಕ್ಷೇತ್ರಕ್ಕೆ ಕಾಲಿಡುವುದು ಹೆಣಗಳನ್ನು ಗುರುತಿಸಲು. ಯುದ್ಧ ಬೇಕೋ ಬೇಡವೋ ಎಂಬ ಮಾತು ನಡೆದ ಸಭೆಗಳಲ್ಲಿ ಅವರ ಮಾತು ನಡೆಯಲಿಲ್ಲ. ಅಳುವ ಹೊತ್ತಿಗೆ ಮಾತ್ರ ಅವರಿಗೆ ಒಂದು ಪರ್ವ ದಕ್ಕಿತು.

ಕಣ್ಣೀರಿನ ಸರದಿ ಬರುವವರೆಗೆ ಕಾಯದೆ, ಯುದ್ಧ ನಡೆಯುತ್ತಿರುವಾಗಲೇ ನಡುವೆ ಬಂದು ಕುಳಿತ ಹೆಣ್ಣುಮಕ್ಕಳ ಕಥೆಯೊಂದನ್ನು ಇಂದು ನಿಮಗೆ ಹೇಳಬೇಕೆನಿಸಿದೆ. ಅದು ಬಹಳ ಹಿಂದಿನದೇನಲ್ಲ, 2003ರದು. ನಡೆದದ್ದು ಪಶ್ಚಿಮ ಆಫ್ರಿಕದ ಲೈಬೀರಿಯಾ ಎಂಬ ದೇಶದಲ್ಲಿ.

ನಮ್ಮ ತರಗತಿಯ ಗೋಡೆಯ ಮೇಲಿದ್ದ ಭೂಪಟದಲ್ಲಿ ಆಫ್ರಿಕದ ಎಡಮಗ್ಗುಲಿನ ಉಬ್ಬಿನ ಕೆಳಭಾಗದಲ್ಲಿ, ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿ, ಬೆರಳ ತುದಿಯಿಂದ ಮುಚ್ಚಬಹುದಾದಷ್ಟು ಚಿಕ್ಕದಾಗಿ ಈ ದೇಶ ಕಾಣುತ್ತಿತ್ತು. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ಚಿಕ್ಕದು. ಇದರ ಹುಟ್ಟೇ ಒಂದು ಸ್ವಾರಸ್ಯದ ಕಥೆ. ಅಮೆರಿಕದಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪು ಜನರನ್ನು 1822ರಿಂದ ಇಲ್ಲಿಗೆ ಕರೆತಂದು ನೆಲೆಗೊಳಿಸಲಾಯಿತು. 1847ರ ಜುಲೈ 26ರಂದು ಅವರು ಸ್ವತಂತ್ರ ಗಣರಾಜ್ಯವನ್ನು ಘೋಷಿಸಿಕೊಂಡರು. ದೇಶದ ಹೆಸರಿನಲ್ಲಿಯೇ ಸ್ವಾತಂತ್ರ್ಯವಿದೆ. ಆದರೆ ಹಾಗೆ ಬಂದು ನೆಲೆಸಿದವರ ಸಂತತಿಯು ಜನಸಂಖ್ಯೆಯಲ್ಲಿ ಅತ್ಯಲ್ಪವಾಗಿದ್ದರೂ, ಮೊದಲಿನಿಂದ ಅಲ್ಲಿಯೇ ಇದ್ದ ಬುಡಕಟ್ಟುಗಳ ಮೇಲೆ ನೂರಮೂವತ್ತಕ್ಕೂ ಹೆಚ್ಚು ವರ್ಷ ಅಧಿಕಾರ ನಡೆಸಿತು. ದಾಸ್ಯವನ್ನು ಉಂಡವರ ಮಕ್ಕಳೇ ದೊರೆಗಳಾದರು. ಒಳಗೊಳಗೇ ಹೊಗೆಯಾಡುತ್ತಿದ್ದ ಅಸಮಾಧಾನವು 1980ರ ಏಪ್ರಿಲ್ 12ರಂದು ಸ್ಫೋಟಗೊಂಡಿತು. ಸ್ಯಾಮ್ಯುಯೆಲ್ ಡೋ ಎಂಬ ಕೆಳದರ್ಜೆಯ ಸೈನಿಕಾಧಿಕಾರಿಯ ನೇತೃತ್ವದಲ್ಲಿ ಸೈನಿಕರು ಅಧ್ಯಕ್ಷ ಟೋಲ್ಬರ್ಟರನ್ನು ಕೊಂದು ಅಧಿಕಾರ ಹಿಡಿದರು.

ಡೋ ತನ್ನ ಕುಲದವರನ್ನು ಮೇಲೆತ್ತಿ ಇತರರನ್ನು ತುಳಿದನು. 1989ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಬ್ಬದ ಮುನ್ನಾದಿನ, ಚಾರ್ಲ್ಸ್ ಟೇಲರ್ ಎಂಬಾತ ನೆರೆಯ ಐವರಿ ಕೋಸ್ಟಿನಿಂದ ಬಂಡುಕೋರರ ಸಣ್ಣ ಪಡೆಯೊಂದನ್ನು ಗಡಿ ದಾಟಿಸಿದನು. ಅಲ್ಲಿಂದ ಮುಂದೆ ಹದಿನಾಲ್ಕು ವರ್ಷ ಆ ದೇಶಕ್ಕೆ ನೆಮ್ಮದಿಯ ನಿದ್ರೆಯಿಲ್ಲ. 1990ರ ಜುಲೈ 29ರಂದು ರಾಜಧಾನಿ ಮನ್ರೋವಿಯಾದ ಸೇಂಟ್ ಪೀಟರ್ಸ್ ಲೂಥರನ್ ಚರ್ಚಿನಲ್ಲಿ ಆಶ್ರಯ ಪಡೆದಿದ್ದ ಸುಮಾರು 600 ಜನರನ್ನು ಸರ್ಕಾರಿ ಸೈನಿಕರೇ ಕೊಂದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡೋ ಕೂಡ ಹತನಾದನು. 1997ರಲ್ಲಿ ಚುನಾವಣೆ ನಡೆದು ಟೇಲರ್ ಅಧ್ಯಕ್ಷನಾದನು. ಮುಕ್ಕಾಲು ಪಾಲು ಮತಗಳು ಅವನಿಗೇ ಬಿದ್ದವು. ಸೋತರೆ ಮತ್ತೆ ಯುದ್ಧ ಹೂಡಿಯಾನೆಂಬ ಭೀತಿಯೇ ಅನೇಕರನ್ನು ಹಾಗೆ ಮತ ಹಾಕಿಸಿತು. ಆದರೂ ಶಾಂತಿ ಉಳಿಯಲಿಲ್ಲ. 1999ರಲ್ಲಿ ಉತ್ತರದಿಂದ ‘ಲರ್ಡ್’ ಎಂಬ ಹೊಸ ಬಂಡುಕೋರ ಪಡೆಯೂ, 2003ರಲ್ಲಿ ಆಗ್ನೇಯದಿಂದ ‘ಮಾಡೆಲ್’ ಎಂಬ ಮತ್ತೊಂದು ಪಡೆಯೂ ಮೇಲೆರಗಿದವು.

ಎರಡೂ ಯುದ್ಧಗಳಲ್ಲಿ ಸತ್ತವರು ಸುಮಾರು 2,50,000 ಮಂದಿಯೆಂದು ಅಂದಾಜು. ಆಗ ಇಡೀ ದೇಶದ ಜನಸಂಖ್ಯೆಯೇ ಮೂವತ್ತು ಲಕ್ಷದ ಆಸುಪಾಸಿನಲ್ಲಿತ್ತು. ಪುಸ್ತಕ ಹಿಡಿಯಬೇಕಾದ ಕೈಗಳಿಗೆ ಬಂದೂಕು ಕೊಟ್ಟರು. ಮಾದಕ ದ್ರವ್ಯ ತಿನ್ನಿಸಿ ಹತ್ತು ಹನ್ನೆರಡು ವರ್ಷದ ಮಕ್ಕಳನ್ನು ಕೊಲೆಗೆ ಹಚ್ಚಿದರು. ತರಗತಿಯಲ್ಲಿ ಆ ವಯಸ್ಸಿನ ಮಕ್ಕಳ ನಡುವೆಯೇ ಜೀವನ ಕಳೆದ ನನಗೆ ಈ ಸಾಲನ್ನು ಬರೆಯುವಾಗ ಕೈ ನಡುಗುತ್ತದೆ. ಹೆಣ್ಣುಮಕ್ಕಳ ಪಾಡು ಇನ್ನೂ ಘೋರ. ಅತ್ಯಾಚಾರವು ಅಲ್ಲಿ ಯುದ್ಧದ ಆಕಸ್ಮಿಕವಾಗಿರಲಿಲ್ಲ, ಯುದ್ಧದ ಆಯುಧವೇ ಆಗಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ನಮ್ಮಲ್ಲುಂಟು. ಲೈಬೀರಿಯಾದಲ್ಲಿ ಕೂಸು ಬಡವಾದದ್ದಷ್ಟೇ ಅಲ್ಲ, ಜಗಳಗಂಟರು ಆ ಕೂಸಿನ ಕೈಯಲ್ಲಿಯೇ ಕತ್ತಿ ಕೊಟ್ಟರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೆಣ್ಣು ಹುಟ್ಟಿನಿಂದಲೇ ಶಾಂತಿಪ್ರಿಯಳು, ಗಂಡು ಯುದ್ಧಪ್ರಿಯನು ಎಂಬ ಸುಲಭದ ಸೂತ್ರವನ್ನು ನಾನು ಒಪ್ಪುವುದಿಲ್ಲ. ಲೈಬೀರಿಯಾದ ಪಡೆಗಳಲ್ಲಿ ಬಂದೂಕು ಹಿಡಿದ ಹೆಣ್ಣುಮಕ್ಕಳೂ ಇದ್ದರು, ಹೆಣ್ಣು ದಳಪತಿಗಳೂ ಇದ್ದರು. ಯುದ್ಧಾನಂತರ ನಿಶ್ಶಸ್ತ್ರೀಕರಣ ಶಿಬಿರಗಳಲ್ಲಿ ಹೆಸರು ನೋಂದಾಯಿಸಿದ ಒಂದು ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ 20,000ಕ್ಕೂ ಹೆಚ್ಚು ಮಂದಿ ಹೆಂಗಸರು. ಅವರಲ್ಲಿ ಕೆಲವರು ಕಾದಾಡಿದವರು, ಕೆಲವರು ಅಡಿಗೆ ಮಾಡಿದವರು, ಹೊರೆ ಹೊತ್ತವರು, ಬಲವಂತದಿಂದ ‘ಹೆಂಡತಿ’ ಎನಿಸಿಕೊಂಡವರು. ಆದ್ದರಿಂದ ಶಾಂತಿಗಾಗಿ ಎದ್ದುನಿಂತ ಹೆಂಗಸರು ಸ್ವಭಾವದಿಂದ ಎದ್ದವರಲ್ಲ. ಯೋಚಿಸಿ, ಭಯವನ್ನು ಮೆಟ್ಟಿ, ಸಂಘಟಿತರಾಗಿ ಎದ್ದವರು. ಸ್ವಭಾವವೆಂದು ಹೇಳಿಬಿಟ್ಟರೆ ಅವರ ಶ್ರಮದ ಬೆಲೆ ಇಳಿದುಹೋಗುತ್ತದೆ.

ಈ ಸಂಘಟನೆಯ ಬೀಜ ಬಿತ್ತಿದವರಲ್ಲಿ ಒಬ್ಬರು ಶಿಕ್ಷಕಿಯೆಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಮೇರಿ ಬ್ರೌನೆಲ್ ಎಂಬ ಆ ಹಿರಿಯ ಶಿಕ್ಷಕಿ 1994ರಲ್ಲಿ ಸಂಗಾತಿಗಳೊಡನೆ ಲೈಬೀರಿಯಾ ಮಹಿಳಾ ಉಪಕ್ರಮವೆಂಬ ಸಂಘಟನೆಯನ್ನು ಕಟ್ಟಿದರು. ಮೊದಲು ಆಯುಧ ಕೆಳಗಿಡಲಿ, ಆಮೇಲೆ ಚುನಾವಣೆಯೆಂಬುದು ಅವರ ಹಟ. 1996ರಲ್ಲಿ ರೂತ್ ಪೆರಿ ಎಂಬಾಕೆ ದೇಶದ ಮಧ್ಯಂತರ ಆಡಳಿತ ಮಂಡಲಿಯ ಅಧ್ಯಕ್ಷೆಯಾದರು. ಈಕೆಯೂ ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರೇ. 2001ರಲ್ಲಿ ಲೈಬೀರಿಯಾ, ಗಿನಿ, ಸಿಯೆರಾ ಲಿಯೋನ್ ದೇಶಗಳ ಹೆಂಗಸರ ನಿಯೋಗವು ಗಿನಿಯ ಅಧ್ಯಕ್ಷ ಲಂಸಾನಾ ಕೋಂಟೆಯನ್ನು ಕಂಡು, ಬದ್ಧವೈರಿಯಾಗಿದ್ದ ಟೇಲರನೊಡನೆ ಮಾತುಕತೆಗೆ ಕೂರಬೇಕೆಂದು ಒತ್ತಾಯಿಸಿತು. ಆತ ಹಿಂಜರಿದಾಗ, ನಿಮ್ಮಿಬ್ಬರನ್ನೂ ಒಂದು ಕೋಣೆಯಲ್ಲಿ ಕೂಡಿ ಬೀಗ ಹಾಕಿ, ಬೀಗದಕೈಯ ಮೇಲೆ ನಾನು ಕುಳಿತುಬಿಡುತ್ತೇನೆಂಬ ಅರ್ಥದ ಮಾತನ್ನು ಬ್ರೌನೆಲ್ ಹೇಳಿದರಂತೆ. ಅಧ್ಯಕ್ಷನಿಗೆ ನಗು ಬಂತು, ಒಪ್ಪಿಗೆಯೂ ಬಂತು. ಜಗಳವಾಡಿದ ಇಬ್ಬರು ಹುಡುಗರನ್ನು ಒಂದೇ ಬೆಂಚಿನ ಮೇಲೆ ಕೂರಿಸುವ ಉಪಾಯ ಎಲ್ಲ ದೇಶದ ಶಿಕ್ಷಕರಿಗೂ ಗೊತ್ತು! ಮರುವರ್ಷ ಮೊರಾಕ್ಕೋದ ರಬಾತ್ ನಗರದಲ್ಲಿ ಮೂರೂ ದೇಶಗಳ ಅಧ್ಯಕ್ಷರು ಭೇಟಿಯಾದರು.

ಇನ್ನು ಈ ಕಥೆಯ ಮುಖ್ಯ ಪಾತ್ರ, ಲೇಮಾ ಬೋವಿ. ಜನನ 1972ರಲ್ಲಿ. ಯುದ್ಧ ಆರಂಭವಾದಾಗ ಆಕೆಗೆ ಹದಿನೇಳು ವರ್ಷ. ಓದಿನ ಕನಸು ಮುರಿಯಿತು. ಬಡತನ, ನಿರಾಶ್ರಿತ ಜೀವನ, ಮನೆಯೊಳಗಿನ ಹಿಂಸೆ ಎಲ್ಲವನ್ನೂ ಕಂಡ ಆಕೆ ಮುಂದೆ ಲೂಥರನ್ ಚರ್ಚಿನ ಮನೋಗಾಯ ಪರಿಹಾರ ಕಾರ್ಯಕ್ರಮವನ್ನು ಸೇರಿ, ಬಾಲಸೈನಿಕರಾಗಿದ್ದ ಹುಡುಗರಿಗೆ ಸಾಂತ್ವನ ಹೇಳುವ ಕೆಲಸದಲ್ಲಿ ತೊಡಗಿದರು. ಗಾಂಧೀಜಿಯವರ, ಮಾರ್ಟಿನ್ ಲೂಥರ್ ಕಿಂಗ್‌ರ ಬರಹಗಳನ್ನು ಓದಿದರು. ಕೊಂದ ಮಕ್ಕಳ ಬಾಯಿಂದಲೇ ಯುದ್ಧವನ್ನು ಕೇಳಿದ ಮೇಲೆ, ಸಮಾಜ ಬದಲಾಗಬೇಕಾದರೆ ತಾಯಂದಿರೇ ಮುಂದೆ ಬರಬೇಕೆಂಬ ನಿರ್ಧಾರಕ್ಕೆ ಬಂದರು. ಪಶ್ಚಿಮ ಆಫ್ರಿಕದ ಶಾಂತಿನಿರ್ಮಾಣ ಮಹಿಳಾ ಜಾಲಕ್ಕೆ ಲೈಬೀರಿಯಾದ ಸಂಚಾಲಕಿಯಾದರು.

ಚರ್ಚಿನ ಹೆಂಗಸರು ಸೇರಿ ಪ್ರಾರ್ಥನೆ ಮಾಡುವುದರಿಂದ ಕೆಲಸ ಆರಂಭವಾಯಿತು. ಅಂಥದೊಂದು ಸಭೆಯಲ್ಲಿ ಅಸಾಟು ಬಾ ಕೆನ್ನೆತ್ ಎಂಬ ಪೊಲೀಸ್ ಅಧಿಕಾರಿ ಎದ್ದುನಿಂತು, ಇಲ್ಲಿರುವ ಏಕೈಕ ಮುಸ್ಲಿಂ ಮಹಿಳೆ ನಾನು, ನನ್ನ ಸೋದರಿಯರನ್ನೂ ಕರೆತರುತ್ತೇನೆಂದು ಮಾತು ಕೊಟ್ಟರು. ಕ್ರೈಸ್ತ ಹೆಂಗಸರಲ್ಲಿ ಕೆಲವರು ಮೊದಲು ಹಿಂದೆಗೆದರು. ಅನ್ಯಮತದವರೊಡನೆ ಹೇಗೆ ಪ್ರಾರ್ಥಿಸುವುದೆಂಬ ಸಂಕೋಚ. ಗುಂಡಿಗೆ ಕ್ರೈಸ್ತರಾರು, ಮುಸ್ಲಿಮರಾರು ಎಂಬ ಭೇದ ಗೊತ್ತೇ ಎಂಬ ಪ್ರಶ್ನೆ ಎದ್ದಮೇಲೆ ಆ ಸಂಕೋಚ ಕರಗಿತು. ಶುಕ್ರವಾರ ಮಸೀದಿಯ ಬಾಗಿಲಿಗೆ, ಶನಿವಾರ ಸಂತೆಗೆ, ಭಾನುವಾರ ಚರ್ಚಿಗೆ ಹೋಗಿ ಹೆಂಗಸರು ಹೆಂಗಸರನ್ನು ಮಾತನಾಡಿಸಿದರು. ಓದಲು ಬಾರದವರಿಗಾಗಿ ಚಿತ್ರ ಬರೆದ ಚೀಟಿಗಳನ್ನು ಹಂಚಿದರು.

2003ರ ಏಪ್ರಿಲ್ ತಿಂಗಳಲ್ಲಿ, ಬಂಡುಕೋರರು ರಾಜಧಾನಿಯ ಕಡೆಗೆ ಒತ್ತರಿಸಿ ಬರುತ್ತಿದ್ದಾಗ, ಮನ್ರೋವಿಯಾದ ಮೀನುಪೇಟೆಯ ಪಕ್ಕದ ಬಯಲಿನಲ್ಲಿ ಹೆಂಗಸರು ಬಂದು ಕುಳಿತರು. ಅಧ್ಯಕ್ಷ ಟೇಲರನ ವಾಹನಗಳ ಸಾಲು ದಿನವೂ ಹಾದುಹೋಗುತ್ತಿದ್ದ ಹೆದ್ದಾರಿಯ ಅಂಚು ಅದು. ಎಲ್ಲರದೂ ಬಿಳಿಯ ಅಂಗಿ, ತಲೆಗೆ ಬಿಳಿಯ ವಸ್ತ್ರ. ಒಡವೆಯಿಲ್ಲ, ಅಲಂಕಾರವಿಲ್ಲ. ಬಡವಿ ಯಾರು, ಮಂತ್ರಿಯ ಹೆಂಡತಿ ಯಾರು ಎಂದು ತಿಳಿಯಬಾರದೆಂಬ ಉದ್ದೇಶ ಅದರಲ್ಲಿತ್ತು. ನಿರಾಶ್ರಿತ ಶಿಬಿರಗಳಿಂದಲೂ ಸಾವಿರಾರು ಮಂದಿ ಬಂದರು. ಬಿಸಿಲಿಗೂ ಮಳೆಗೂ ಕದಲದೆ ದಿನಗಟ್ಟಲೆ ಕುಳಿತರು, ಹಾಡಿದರು, ಪ್ರಾರ್ಥಿಸಿದರು. ಯಾವ ಪಕ್ಷದ ಪರವೂ ಮಾತಿಲ್ಲ, ಯಾರ ಮೇಲೂ ದೂರಿಲ್ಲ. ಅವರ ಬೇಡಿಕೆಗಳು ಮೂರು: ತಕ್ಷಣ ಬೇಷರತ್ತಾದ ಕದನವಿರಾಮ, ಸರ್ಕಾರ ಮತ್ತು ಬಂಡುಕೋರರ ನಡುವೆ ಮಾತುಕತೆ, ಹೊರಗಿನಿಂದ ಶಾಂತಿಪಾಲನಾ ಪಡೆ. ನೂರು ಬೇಡಿಕೆಗಳಿಟ್ಟಿದ್ದರೆ ಅವರನ್ನು ಒಡೆಯುವುದು ಸುಲಭವಾಗುತ್ತಿತ್ತು.

ಶಾಂತಿ ಬರುವತನಕ ಗಂಡಂದಿರೊಡನೆ ದಾಂಪತ್ಯವಿಲ್ಲವೆಂಬ ಪ್ರತಿಜ್ಞೆಯನ್ನೂ ಕೆಲವರು ತೊಟ್ಟರು. ಕ್ರಿ.ಪೂ. 411ರಲ್ಲಿ ಗ್ರೀಕ್ ನಾಟಕಕಾರ ಅರಿಸ್ಟೋಫನೀಸ್ ‘ಲಿಸಿಸ್ಟ್ರಾಟಾ’ ಎಂಬ ಪ್ರಹಸನದಲ್ಲಿ ಇಂಥದೇ ಕಲ್ಪನೆ ಮಾಡಿದ್ದನು. ಪತ್ರಿಕೆಗಳು ಇದನ್ನೇ ದೊಡ್ಡದು ಮಾಡಿ ಬರೆದವು. ಆದರೆ ಅದರಿಂದ ನೇರವಾದ ಪರಿಣಾಮ ಕಡಿಮೆ, ಜಗತ್ತಿನ ಗಮನ ಸೆಳೆದದ್ದೇ ಅದರ ಪ್ರಯೋಜನವೆಂದು ಸ್ವತಃ ಬೋವಿ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನಿಜವಾಗಿ ಕೆಲಸ ಮಾಡಿದ್ದು ಆ ಬಯಲಿನಲ್ಲಿ ದಿನದಿನವೂ ಕುಳಿತ ಹಟ.

ಏಪ್ರಿಲ್ 23ರಂದು ಟೇಲರ್ ಅವರನ್ನು ಕರೆಸಿಕೊಂಡನು. ಬೋವಿ ಮನವಿ ಓದಿದರು. ಅಧ್ಯಕ್ಷನತ್ತ ಮುಖ ಮಾಡಿದರೂ ಮಾತನ್ನು ಮಾತ್ರ ಅಲ್ಲಿದ್ದ ಸೆನೆಟ್ಟಿನ ಅಧ್ಯಕ್ಷೆ ಗ್ರೇಸ್ ಮೈನರ್ ಅವರನ್ನು ಉದ್ದೇಶಿಸಿ ಆಡಿದರು. ಒಬ್ಬ ಹೆಣ್ಣಿನ ಮೂಲಕ ಆ ಮನವಿ ಅಧಿಕಾರಕ್ಕೆ ತಲುಪಲಿ ಎಂದು. ಟೇಲರ್ ಮಾತುಕತೆಗೆ ಒಪ್ಪಿದನು. ಬಂಡುಕೋರರ ಮನವೊಲಿಸಲು ಹೆಂಗಸರು ಸಿಯೆರಾ ಲಿಯೋನಿನ ಫ್ರೀಟೌನ್ ನಗರಕ್ಕೂ ಹೋದರು. ಅವರೂ ಒಪ್ಪಿದರು.

2003ರ ಜೂನ್ 4ರಂದು ಘಾನಾ ದೇಶದಲ್ಲಿ ಮಾತುಕತೆ ಆರಂಭವಾಯಿತು. ಅದೇ ದಿನ ಸಿಯೆರಾ ಲಿಯೋನಿನ ವಿಶೇಷ ನ್ಯಾಯಾಲಯವು ಟೇಲರನ ಮೇಲಿನ ಯುದ್ಧಾಪರಾಧಗಳ ಆರೋಪಪಟ್ಟಿಯನ್ನು ಬಹಿರಂಗಪಡಿಸಿತು. ಟೇಲರ್ ಬಂಧನಕ್ಕೊಳಗಾಗದೆ ಮನ್ರೋವಿಯಾಕ್ಕೆ ಮರಳಿದನು. ಜೂನ್ 17ರಂದು ಕದನವಿರಾಮಕ್ಕೆ ಸಹಿಯಾಯಿತು, ಕೆಲವೇ ದಿನಗಳಲ್ಲಿ ಮುರಿದುಬಿತ್ತು. ಜುಲೈ ತಿಂಗಳಲ್ಲಿ ರಾಜಧಾನಿಯ ಮೇಲೆ ಷೆಲ್ಲುಗಳ ಮಳೆ. ಜನ ಹೆಣಗಳನ್ನು ಹೊತ್ತು ತಂದು ಅಮೆರಿಕದ ರಾಯಭಾರ ಕಚೇರಿಯ ಬಾಗಿಲ ಮುಂದೆ ಮಲಗಿಸಿದರು. ಇತ್ತ ಘಾನಾದ ಹೋಟೆಲುಗಳಲ್ಲಿ, ಪರರ ಖರ್ಚಿನಲ್ಲಿ ಉಂಡು ಮಲಗುತ್ತಿದ್ದ ಪ್ರತಿನಿಧಿಗಳು, ಮುಂದಿನ ಸರ್ಕಾರದಲ್ಲಿ ಯಾರಿಗೆ ಯಾವ ಖಾತೆಯೆಂದು ಚೌಕಾಸಿ ಮಾಡುತ್ತಿದ್ದರು.

ಆಗ ನಡೆದದ್ದೇ ಈ ಕಥೆಯ ಹೃದಯಭಾಗ. ಬೋವಿಯವರು ಹೆಂಗಸರನ್ನು ಕರೆದುಕೊಂಡು ಅಕ್ರಾದ ಸಭಾಂಗಣದ ಬಾಗಿಲಲ್ಲಿ ತೋಳಿಗೆ ತೋಳು ಸೇರಿಸಿ ಕುಳಿತುಬಿಟ್ಟರು. ಮೊದಲು ಹತ್ತಾರು ಮಂದಿ, ಬರಬರುತ್ತ ಇನ್ನೂರರ ಆಸುಪಾಸು. ಒಪ್ಪಂದವಾಗದೆ ಒಳಗಿದ್ದವರಾರೂ ಹೊರಬರಕೂಡದು! ಕಾವಲಿನವರು ಬಂಧಿಸಲು ಬಂದಾಗ, ಬೋವಿ ಎದ್ದುನಿಂತು ತಮ್ಮ ಮೈಮೇಲಿನ ಬಟ್ಟೆಯನ್ನು ಕಳಚತೊಡಗಿದರು. ತಾಯಿಯಾದವಳು ಬೇಕೆಂದೇ ತನ್ನ ಬೆತ್ತಲೆಯನ್ನು ತೋರಿದರೆ ನೋಡಿದ ಗಂಡಸಿಗೆ ಶಾಪ ತಟ್ಟುತ್ತದೆಂಬುದು ಆ ನಾಡಿನ ನಂಬಿಕೆ. ಕಾವಲಿನವರು ಹಿಂದೆ ಸರಿದರು. ಮಾನ ಕಳೆಯಲೆಂದು ಹೆಣ್ಣನ್ನು ಬೆತ್ತಲೆಗೊಳಿಸಿದ ಯುದ್ಧವನ್ನು, ಹೆಣ್ಣೊಬ್ಬಳು ಅದೇ ಬೆತ್ತಲೆಯನ್ನು ಮುಂದಿಟ್ಟು ಪ್ರಶ್ನಿಸಿದಳು. ದ್ರೌಪದಿಯ ಕಥೆಯನ್ನು ಬಲ್ಲ ನಮಗೆ ಇದರ ತೀಕ್ಷ್ಣತೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಧ್ಯಸ್ಥಿಕೆ ವಹಿಸಿದ್ದವರು ನೈಜೀರಿಯಾದ ಮಾಜಿ ರಾಷ್ಟ್ರಾಧ್ಯಕ್ಷ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್. ಸಭಾಂಗಣವನ್ನು ಜನರಲ್ ಲೇಮಾ ಮತ್ತವರ ಪಡೆ ವಶಪಡಿಸಿಕೊಂಡಿದೆಯೆಂದು ಅವರು ಒಳಗಿದ್ದವರಿಗೆ ತಿಳಿಸಿದರಂತೆ. ಅವರ ಮಾತಿಗೆ ಬೆಲೆಕೊಟ್ಟು ಹೆಂಗಸರು ಬಾಗಿಲು ಬಿಟ್ಟರು, ಆದರೆ ಎಚ್ಚರಿಕೆ ಕೊಟ್ಟೇ ಬಿಟ್ಟರು: ಪ್ರತಿನಿಧಿಗಳು ತಪ್ಪದೆ ಸಭೆಗೆ ಬರಬೇಕು, ಕೆಲಸ ಸಾಗದಿದ್ದರೆ ನಾವು ಮತ್ತೆ ಬರುತ್ತೇವೆ. ಅಂದಿನಿಂದ ಮಾತುಕತೆಯ ಧಾಟಿ ಬದಲಾಯಿತು. ಆಗಸ್ಟ್ 11ರಂದು ಟೇಲರ್ ಅಧಿಕಾರ ಬಿಟ್ಟು ನೈಜೀರಿಯಾಕ್ಕೆ ಹೋದನು. ಆಗಸ್ಟ್ 18ರಂದು ಸಮಗ್ರ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದಿತು.

ಹಾಗಾದರೆ ಹೆಂಗಸರು ಕುಳಿತದ್ದರಿಂದಲೇ ಯುದ್ಧ ನಿಂತಿತೇ? ಇತಿಹಾಸದ ವಿದ್ಯಾರ್ಥಿಗಳಾದ ನೀವು ಈ ಪ್ರಶ್ನೆ ಕೇಳಲೇಬೇಕು. ಯಾವುದೇ ಘಟನೆಗೆ ಕಾರಣಗಳನ್ನು ಬರೆಯಿರಿ ಎಂಬ ಐದು ಅಂಕದ ಪ್ರಶ್ನೆಗೆ ಒಂದೇ ಕಾರಣ ಬರೆದರೆ ಅಂಕ ಸಿಗುತ್ತಿರಲಿಲ್ಲವಷ್ಟೆ! ಬಂಡುಕೋರರು ರಾಜಧಾನಿಯ ಬಂದರನ್ನು ಹಿಡಿದಿದ್ದರು. ಟೇಲರನ ಆದಾಯದ ಮೂಲವಾಗಿದ್ದ ಮರಮುಟ್ಟಿನ ರಫ್ತಿಗೆ ವಿಶ್ವಸಂಸ್ಥೆ ನಿರ್ಬಂಧ ಹಾಕಿತ್ತು. ನ್ಯಾಯಾಲಯದ ಆರೋಪಪಟ್ಟಿ ಅವನ ತಲೆಯ ಮೇಲೆ ತೂಗುತ್ತಿತ್ತು. ಅಮೆರಿಕದ ಯುದ್ಧನೌಕೆಗಳು ಕರಾವಳಿಗೆ ಬಂದವು, ಆಗಸ್ಟ್ ಮೊದಲ ವಾರ ನೈಜೀರಿಯಾದ ಶಾಂತಿಪಾಲಕ ಸೈನಿಕರು ಬಂದಿಳಿದರು. ಇವೆಲ್ಲವೂ ಕಾರಣಗಳೇ. ಆದರೆ ಈ ಒತ್ತಡಗಳೆಲ್ಲ ಟೇಲರನನ್ನು ಕೆಳಗಿಳಿಸಬಲ್ಲವಾಗಿದ್ದವೇ ಹೊರತು, ಖಾತೆಗಳಿಗಾಗಿ ಕಾಲಹರಣ ಮಾಡುತ್ತಿದ್ದವರಿಗೆ ಸಾಯುತ್ತಿರುವ ಜನರನ್ನು ನೆನಪಿಸಬಲ್ಲವಾಗಿರಲಿಲ್ಲ. ಆ ಕೆಲಸ ಮಾಡಿದವರು ಬಾಗಿಲಲ್ಲಿ ಕುಳಿತವರು. ಎಲ್ಲಕ್ಕಿಂತ ಹೆಚ್ಚಾಗಿ, ಸಹಿಯಾದ ಮೇಲೆ ಅವರು ಮನೆಗೆ ಹೋಗಿ ಮಲಗಲಿಲ್ಲ.

2003ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಆಯುಧ ಒಪ್ಪಿಸಿಕೊಳ್ಳುವ ಶಿಬಿರವನ್ನು ತೆರೆಯಿತು. ನಿರೀಕ್ಷೆಗಿಂತ ಎಷ್ಟೋ ಪಟ್ಟು ಹೆಚ್ಚು ಮಂದಿ ಬಂದು ಗಲಭೆಯಾಯಿತು, ಜೀವಗಳು ಹೋದವು. ಹುಡುಗರ ಸ್ವಭಾವ ಬಲ್ಲ ಸ್ಥಳೀಯ ಹೆಂಗಸರ ಸಲಹೆಯನ್ನು ಅಧಿಕಾರಿಗಳು ಮೊದಲು ಲೆಕ್ಕಕ್ಕೆ ಇಟ್ಟಿರಲಿಲ್ಲ. ಬಳಿಕ ಅದೇ ಹೆಂಗಸರು ಶಿಬಿರಗಳಿಗೆ ಹೋಗಿ ಹುಡುಗರನ್ನು ಸಮಾಧಾನಪಡಿಸಿದರು. 2005ರಲ್ಲಿ ಚುನಾವಣೆ ಬಂದಾಗ, ಮತದಾರರ ಪಟ್ಟಿಗೆ ಹೆಸರು ಸೇರಿಸಲು ಸಂತೆಯ ಅಂಗಡಿಗಳನ್ನು ಬಿಟ್ಟು ಬರಲಾಗದ ಹೆಂಗಸರ ಮಕ್ಕಳನ್ನೂ ಸರಕನ್ನೂ ತಾವು ನೋಡಿಕೊಂಡು, ಅವರನ್ನು ಸರದಿಗೆ ಕಳಿಸಿದರು. ನೋಂದಾಯಿತ ಮತದಾರರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಮಹಿಳೆಯರಾದರು. ನವೆಂಬರ್ 8ರ ಅಂತಿಮ ಸುತ್ತಿನಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಅವರು ಪ್ರಸಿದ್ಧ ಫುಟ್ಬಾಲ್ ಆಟಗಾರ ಜಾರ್ಜ್ ವೇಯಾ ಅವರನ್ನು ಸೋಲಿಸಿ, 2006ರ ಜನವರಿ 16ರಂದು ಅಧಿಕಾರ ವಹಿಸಿಕೊಂಡರು. ಚುನಾವಣೆಯಲ್ಲಿ ಗೆದ್ದು ರಾಷ್ಟ್ರಾಧ್ಯಕ್ಷೆಯಾದ ಆಫ್ರಿಕದ ಮೊದಲ ಮಹಿಳೆ ಆಕೆ. 2011ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಸರ್ಲೀಫ್, ಬೋವಿ ಹಾಗೂ ಯೆಮನ್ ದೇಶದ ತವಕ್ಕುಲ್ ಕರ್ಮಾನ್ ಹಂಚಿಕೊಂಡರು.

ನಮ್ಮ ದೇಶಕ್ಕೂ ಈ ಕಥೆಯಲ್ಲೊಂದು ಪಾಲಿದೆ. 2007ರ ಜನವರಿಯ ಕೊನೆಯಲ್ಲಿ, ನಮ್ಮ ಕೇಂದ್ರ ಮೀಸಲು ಪೊಲೀಸ್ ಪಡೆಯ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ನೀಲಿ ಟೋಪಿ ಧರಿಸಿ ಮನ್ರೋವಿಯಾದಲ್ಲಿ ಇಳಿದರು. ವಿಶ್ವಸಂಸ್ಥೆಯ ಶಾಂತಿಪಾಲನೆಯ ಇತಿಹಾಸದಲ್ಲಿಯೇ ಇದು ಮೊದಲ ಸಂಪೂರ್ಣ ಮಹಿಳಾ ಪೊಲೀಸ್ ದಳ. 2016ರವರೆಗೆ ತಂಡದ ಬಳಿಕ ತಂಡವಾಗಿ ಅವರು ಅಲ್ಲಿದ್ದರು. ಅಧ್ಯಕ್ಷೆಯ ಕಚೇರಿಗೆ ಕಾವಲಿದ್ದರು, ರಾತ್ರಿ ಗಸ್ತು ತಿರುಗಿದರು, ಶಾಲೆಯ ಹುಡುಗಿಯರಿಗೆ ಆತ್ಮರಕ್ಷಣೆ ಕಲಿಸಿದರು. ಅವರನ್ನು ಕಂಡು ಅಲ್ಲಿನ ಯುವತಿಯರು ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಲು ಮುಂದಾದರು. ಸಮವಸ್ತ್ರ ತೊಟ್ಟವನೆಂದರೆ ಓಡಿ ಅವಿತುಕೊಳ್ಳಬೇಕೆಂದು ಕಲಿತಿದ್ದ ನಾಡಿನಲ್ಲಿ, ಸಮವಸ್ತ್ರ ತೊಟ್ಟ ಹೆಣ್ಣನ್ನು ಕಂಡು ಮಕ್ಕಳು ಕೈಬೀಸುವಂತಾದದ್ದು ಸಣ್ಣ ಮಾತಲ್ಲ.

ಕಥೆ ಸುಖಾಂತವೆಂದು ಹೇಳಿ ಮುಗಿಸುವಂತಿಲ್ಲ. ಟೇಲರನಿಗೆ 2012ರಲ್ಲಿ 50 ವರ್ಷಗಳ ಸೆರೆವಾಸವಾಯಿತು, ಆದರೆ ಅದು ನೆರೆಯ ಸಿಯೆರಾ ಲಿಯೋನಿನಲ್ಲಿ ನಡೆದ ಅಪರಾಧಗಳಿಗಾಗಿ. ಲೈಬೀರಿಯಾದ ನೆಲದಲ್ಲಿ ನಡೆದ ಅಪರಾಧಗಳಿಗೆ ಆ ದೇಶದ ನ್ಯಾಯಾಲಯಗಳಲ್ಲಿ ವಿಚಾರಣೆಯೇ ನಡೆಯದೆ ಎರಡು ದಶಕಗಳು ಕಳೆದವು. ಯುದ್ಧಾಪರಾಧಗಳ ನ್ಯಾಯಾಲಯ ಸ್ಥಾಪಿಸುವ ದಿಕ್ಕಿನಲ್ಲಿ ಸರ್ಕಾರಿ ಆದೇಶ ಹೊರಟದ್ದು 2024ರಲ್ಲಿ. ಸರ್ಲೀಫ್ ಆರಂಭದಲ್ಲಿ ಟೇಲರನಿಗೆ ಬೆಂಬಲ ಕೊಟ್ಟಿದ್ದರೆಂಬ ಕಾರಣಕ್ಕೆ 2009ರಲ್ಲಿ ಸತ್ಯ ಮತ್ತು ಸಂಧಾನ ಆಯೋಗವು ಅವರ ಹೆಸರನ್ನೂ ಎತ್ತಿತು. 2012ರಲ್ಲಿ ಬೋವಿಯವರು ಅದೇ ಸರ್ಲೀಫ್ ಸರ್ಕಾರದ ಸ್ವಜನಪಕ್ಷಪಾತವನ್ನು ಖಂಡಿಸಿ ತಾವು ವಹಿಸಿದ್ದ ಸರ್ಕಾರಿ ಹೊಣೆಗೆ ರಾಜೀನಾಮೆ ಕೊಟ್ಟರು. ಹೆಂಗಸರ ಮೇಲಿನ ದೌರ್ಜನ್ಯ ನಿಲ್ಲಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಅತ್ಯಾಚಾರವನ್ನು ರಾಷ್ಟ್ರೀಯ ತುರ್ತುಸ್ಥಿತಿಯೆಂದು ಘೋಷಿಸಬೇಕಾಯಿತು. ಆದರೂ 2003ರ ಬಳಿಕ ಆ ದೇಶ ಮತ್ತೆ ಯುದ್ಧಕ್ಕಿಳಿಯಲಿಲ್ಲ. 2018ರಲ್ಲಿಯೂ 2024ರಲ್ಲಿಯೂ ಮತಪೆಟ್ಟಿಗೆಯ ಮೂಲಕವೇ ಅಧಿಕಾರ ಕೈ ಬದಲಾಯಿತು. ಸೋತವರು ಸೋಲನ್ನು ಒಪ್ಪಿಕೊಂಡರು.

ಮಹಿಳೆಯರಿಗೆ ಶಾಂತಿ ಮಾತುಕತೆಗಳಲ್ಲಿ ಸ್ಥಾನವಿರಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2000ದ ಅಕ್ಟೋಬರ್ 31ರಂದು 1325ನೇ ಗೊತ್ತುವಳಿಯಲ್ಲಿ ಹೇಳಿತ್ತು. ಅದಾಗಿ ಸುಮಾರು ಮೂರು ವರ್ಷಗಳಾದಾಗಲೂ ಲೈಬೀರಿಯಾದ ಹೆಂಗಸರು ಕುಳಿತದ್ದು ಕುರ್ಚಿಯ ಮೇಲಲ್ಲ, ಸಭಾಂಗಣದ ಬಾಗಿಲ ನೆಲದ ಮೇಲೆ. ಗೊತ್ತುವಳಿ ಕಾಗದದಲ್ಲಿ ಬರುತ್ತದೆ, ಕುರ್ಚಿಯನ್ನು ಕೇಳಿಯೇ ಪಡೆಯಬೇಕಾಗುತ್ತದೆ.

ನಿಮ್ಮಲ್ಲಿ ಅನೇಕರು ಈಗ ತಾಯಿ ತಂದೆಯರು, ಕೆಲವರು ಶಿಕ್ಷಕರು. ನಿಮ್ಮ ಮಕ್ಕಳು ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡುವಾಗ ಪಕ್ಕದಲ್ಲಿ ಕುಳಿತು ಒಂದು ಪ್ರಶ್ನೆಯನ್ನು ಸೇರಿಸಿ: ಈ ಯುದ್ಧ ನಿಲ್ಲಲೆಂದು ದುಡಿದವರು ಯಾರು? ಉತ್ತರ ಪುಸ್ತಕದಲ್ಲಿ ಇಲ್ಲದಿದ್ದರೆ ಹುಡುಕಲಿ. ಹಾಗೆ ಹುಡುಕುವಾಗ 2003 ಎಂದರೆ ಮನ್ರೋವಿಯಾದ ಮೀನುಪೇಟೆ ಎಂಬುದನ್ನೂ ಅವರಿಗೆ ಹೇಳಿಕೊಡಿ.